ಮಾಂಸಕ್ಕಾಗಿ ಕುರಿ ಸಾಕಣೆ: ಶಿರಾ, ಪಾವಗಡ, ಮಧುಗಿರಿ ಕಡೆಯ ಸಣ್ಣ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಮೂರು ಎಕರೆ ಹೊಲ, ನೀರು ಇದ್ದರೂ ಇಲ್ಲದಂತಿರುವ ಒಂದು ಬೋರ್‌ವೆಲ್, ಮನೆಯಲ್ಲಿ ದುಡಿಯುವ ಇಬ್ಬರು. ಇಂಥವರಿಗಾಗಿ ಬರೆದ ಉತ್ತರಗಳಿವು. ನೂರಾರು ಕುರಿಯ ಫಾರಂ ಮಾಡುವವರ ಲೆಕ್ಕವೇ ಬೇರೆ. ಇಲ್ಲಿ ಹಾಕಿರುವ ಬೆಲೆಗಳು ಲೆಕ್ಕ ತೋರಿಸುವುದಕ್ಕೆ ಮಾತ್ರ. ನಿಮ್ಮ ಸಂತೆಯ ಬೆಲೆ ಹಾಕಿಕೊಂಡು ನೀವೇ ಒಮ್ಮೆ ಕೂಡಿ ಕಳೆಯಿರಿ.

ಕುರಿ ಯಾಕೆ? ದನವನ್ನೇ ಮಾಂಸಕ್ಕೆ ಸಾಕಬಾರದಾ? ಸೀಮೆಹಸುವಿನ ಗಂಡು ಕರುಗಳು ಸುಮ್ನೆ ಸಿಗುತ್ತವಲ್ಲ.

ಕರ್ನಾಟಕದಲ್ಲಿ ಆಗುವುದಿಲ್ಲ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ 2021ರ ಜನವರಿಯಿಂದ ಜಾರಿಯಲ್ಲಿದೆ. ಹಸು, ಕರು, ಗೂಳಿ, ಎತ್ತು ಯಾವ ವಯಸ್ಸಿನದಾದರೂ ಕಡಿಯುವಂತಿಲ್ಲ. 13 ವರ್ಷ ತುಂಬದ ಎಮ್ಮೆ, ಕೋಣವನ್ನೂ ಕಡಿಯುವಂತಿಲ್ಲ. ಶಿಕ್ಷೆ 3ರಿಂದ 7 ವರ್ಷ ಜೈಲು, ದಂಡ 50 ಸಾವಿರದಿಂದ 5 ಲಕ್ಷದವರೆಗೆ. ಹಾಗಾಗಿ ಕೋಣನ ಕರು ಮೇಯಿಸಿ ಮಾರುವ ಯೋಚನೆಯನ್ನೂ ಬಿಡಿ. 13 ವರ್ಷ ಮೇವು ಹಾಕಿ ಲಾಭ ನೋಡಿದವರು ಯಾರೂ ಇಲ್ಲ.

ಹಾಲಿಗೆಂದು ಹಸು ಸಾಕುವವರ ಕಷ್ಟ ನಿಜವಾದದ್ದು. ಗಂಡು ಕರು ಹುಟ್ಟಿದರೆ ಕೊಳ್ಳುವವರಿಲ್ಲ, ಕರೆಯದ ಹಸುವಿಗೂ ಮೊದಲಿನ ಬೆಲೆ ಇಲ್ಲ. ಇದಕ್ಕೆ ಈಗಿರುವ ದಾರಿ ಒಂದೇ. ಹೆಣ್ಣು ಕರುವೇ ಹುಟ್ಟುವ ಸಾಧ್ಯತೆ ಹೆಚ್ಚಿರುವ, ಲಿಂಗ ನಿರ್ಧರಿತ ವೀರ್ಯದ ಇಂಜೆಕ್ಷನ್ ಕೊಡಿಸುವುದು. ನಿಮ್ಮ ಹಾಲಿನ ಡೇರಿಯಲ್ಲೋ ಪಶು ಆಸ್ಪತ್ರೆಯಲ್ಲೋ ಕೇಳಿ. ಹಳ್ಳಿಕಾರ್ ಹೋರಿ ಕಟ್ಟಿ ಸಿದ್ದಗಂಗೆ ಜಾತ್ರೆಯಲ್ಲಿ ಮಾರುವವರು ಇದ್ದಾರೆ. ಅದು ಬೇರೆಯದೇ ಕಸುಬು, ಹುಚ್ಚು ಇರಬೇಕು.

ಕುರಿ, ಮೇಕೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಸಣ್ಣ ಜಮೀನಿನಲ್ಲಿ ಮಾಂಸಕ್ಕೆ ಪ್ರಾಣಿ ಸಾಕಬೇಕೆಂದರೆ ನಮ್ಮ ಕಡೆ ಇವೇ ಗತಿ. ಈ ಸೀಮೆಯ ಕುರುಬರು, ಕಾಡುಗೊಲ್ಲರು ಮೊದಲಿನಿಂದಲೂ ಮಾಡಿಕೊಂಡು ಬಂದಿದ್ದೂ ಅದನ್ನೇ.

ಕುರಿಯೋ ಮೇಕೆಯೋ?

ಹುಲ್ಲು, ಹೊಟ್ಟು ಇದ್ದರೆ ಕುರಿ. ಬೇಲಿ, ಗಿಡ, ಸೊಪ್ಪು ಇದ್ದರೆ ಮೇಕೆ. ಮೇಕೆ ಬಾಯಿ ಎತ್ತಿ ಮೇಯುವ ಪ್ರಾಣಿ, ಕಟ್ಟಿ ಹಾಕಿ ಬರೀ ರಾಗಿ ಹುಲ್ಲು ಕೊಟ್ಟರೆ ಸೊರಗುತ್ತದೆ. ಪಕ್ಕದವರ ಮಾವಿನ ಸಸಿ ತಿಂದು ಜಗಳ ತರುವುದರಲ್ಲೂ ಮೇಕೆಯೇ ಮುಂದು. ಕೊಟ್ಟಿಗೆಯಲ್ಲಿಟ್ಟು ಕೊಬ್ಬಿಸಲು ಟಗರು ಮರಿ ಸುಲಭ.

ತಾಯಿ ಕುರಿ ಸಾಕುವುದಾ, ಮರಿ ತಂದು ಮೇಯಿಸಿ ಮಾರುವುದಾ?

ಮೊದಲ ಸಲವಾದರೆ ಮರಿ ತಂದು ಮಾರಿ. ತಾಯಿ ಕುರಿ ಗಬ್ಬ ಕಟ್ಟಿ ಈಯಲು ಐದು ತಿಂಗಳು, ಆ ಮರಿ ಮಾರಾಟಕ್ಕೆ ಬರಲು ಇನ್ನೂ ಏಳೆಂಟು ತಿಂಗಳು. ಅಷ್ಟು ದಿನ ಕೈಗೆ ಕಾಸು ಬರುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಎರಡು ವರ್ಷಕ್ಕೆ ಮೂರು ಸಲ ಈಯುತ್ತದೆ, ಆದರೆ ಅದಕ್ಕೆ ಬಯಲು ಮೇವು ಬೇಕು. ಮೇಯಿಸಲು ಜನ ಬೇಕು. ಮೂರು ತಿಂಗಳ ಟಗರು ಮರಿ ತಂದರೆ ನಾಲ್ಕೈದು ತಿಂಗಳಲ್ಲಿ ದುಡ್ಡು ವಾಪಸ್. ಕೈ ಸುಟ್ಟುಕೊಂಡರೂ ಅಷ್ಟರಲ್ಲೇ ಗೊತ್ತಾಗುತ್ತದೆ.

ಯಾವ ತಳಿ ತರಬೇಕು? ಬಂಡೂರು ತಂದರೆ ಜಾಸ್ತಿ ಲಾಭ ಅಂತಾರೆ.

ಬಂಡೂರು ಮಳವಳ್ಳಿ ಕಡೆಯ ಗಿಡ್ಡ, ದುಂಡನೆಯ ಕುರಿ. ಮಾಂಸದ ರುಚಿಗೆ ಹೆಸರು. ಆದರೆ ಅದು ದೊಡ್ಡ ತೂಕಕ್ಕೆ ಬೆಳೆಯುವ ಕುರಿ ಅಲ್ಲ. ಅದರ ಬೆಲೆ ಇರುವುದು ಹೆಸರಿಗೆ. ಆ ಹೆಸರಿಗೆ ದುಡ್ಡು ಕೊಡುವ ಗಿರಾಕಿ ನಿಮಗೆ ಗೊತ್ತಿದ್ದರೆ ಸರಿ. ಇಲ್ಲವಾದರೆ ಬಂಡೂರು ಬೆಲೆಗೆ ಕೊಂಡು ಮಾಮೂಲಿ ಕುರಿ ಬೆಲೆಗೆ ಮಾರುತ್ತೀರಿ. ಸಂತೆಯಲ್ಲಿ ಬಂಡೂರು ಅಂತ ತೋರಿಸುವುದೆಲ್ಲ ಬಂಡೂರೂ ಅಲ್ಲ.

ಮಾಂಸದ ತೂಕಕ್ಕಾದರೆ ನಮ್ಮ ಸುತ್ತಲಿನ ನಾಟಿ ಮರಿ, ಬಳ್ಳಾರಿ, ಕೆಂಗುರಿ ಯಾವುದಾದರೂ ಆಗುತ್ತದೆ. ಪಾವಗಡದ ಗಡಿಯಲ್ಲಿ ಆಂಧ್ರದ ಉದ್ದ ಕಾಲಿನ ನೆಲ್ಲೂರು ಬೆರಕೆಯೂ ಸಿಗುತ್ತದೆ. ನಾರಿ ಸುವರ್ಣ ಅವಳಿ ಮರಿ ಹಾಕುವುದಕ್ಕೆ ಹೆಸರಾದ ತಳಿ, ಹೆಣ್ಣು ಸಾಕುವವರಿಗೆ ಅದು. ಮರಿ ಕೊಬ್ಬಿಸುವವರು ಅದಕ್ಕೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ. ನಿಮ್ಮೂರ ಬಿಸಿಲು, ನೀರು ಕಂಡು ಬೆಳೆದ ಮರಿ ಹತ್ತಿರದಲ್ಲೇ ಸಿಕ್ಕರೆ ತಳಿಯ ಹೆಸರು ಕೇಳದೆ ಅದನ್ನೇ ತನ್ನಿ.

20 ಮರಿ ತಂದರೆ ಎಷ್ಟು ಉಳಿಯುತ್ತದೆ? ನಿಜ ಹೇಳಿ.

ಹನ್ನೆರಡು ಕೆ.ಜಿ. ತೂಕದ ಟಗರು ಮರಿ ಒಂದಕ್ಕೆ 6,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಇಪ್ಪತ್ತಕ್ಕೆ 1,20,000. ಐದು ತಿಂಗಳು, ಅಂದರೆ 150 ದಿನ ಸಾಕುತ್ತೀರಿ. ದಿನಕ್ಕೆ ಸರಾಸರಿ 100 ಗ್ರಾಂ ಬೆಳೆದರೆ ಕೊನೆಗೆ 27 ಕೆ.ಜಿ. ಒಳ್ಳೆಯ ಕೈತಿಂಡಿ (ನುಚ್ಚು, ಹಿಂಡಿ, ಬೂಸಾ ಬೆರೆಸಿದ ತಿಂಡಿ) ಕೊಟ್ಟರೆ 150 ಗ್ರಾಂ ಬರುವುದೂ ಉಂಟು, ಆದರೆ ಲೆಕ್ಕಕ್ಕೆ 100 ಇರಲಿ.

ಕೈತಿಂಡಿ ದಿನಕ್ಕೆ 200 ಗ್ರಾಂ, ಒಂದು ಮರಿಗೆ ಒಟ್ಟು 30 ಕೆ.ಜಿ. ಕೆ.ಜಿ.ಗೆ 30 ರೂಪಾಯಿಯಂತೆ 20 ಮರಿಗೆ 18,000. ಒಣಮೇವು ಕೊಂಡು ತಂದರೆ 10,000. ಲಸಿಕೆ, ಜಂತು ಔಷಧಿ, ಡಾಕ್ಟರ್ ಖರ್ಚು 3,000. ಗಾಡಿ ಬಾಡಿಗೆ, ಸಂತೆ ಸುಂಕ, ದಲ್ಲಾಳಿ ಎಲ್ಲ ಸೇರಿ 5,000. ಮರಿಯ ದುಡ್ಡೂ ಸೇರಿದರೆ 1,56,000.

ಒಂದು ಸಾಯುತ್ತದೆ ಅಂದುಕೊಳ್ಳಿ. ಉಳಿದ 19ನ್ನು ತಲಾ 10,000ಕ್ಕೆ ಮಾರಿದರೆ 1,90,000. ಗೊಬ್ಬರ 5,000. ಕಳೆದರೆ ಕೈಯಲ್ಲಿ 39,000. ತಿಂಗಳಿಗೆ 7,800 ರೂಪಾಯಿ. ನಿಮ್ಮ ಮನೆಯವರ ಕೂಲಿ, ಶೆಡ್ಡಿನ ಖರ್ಚು ಇನ್ನೂ ಇದರಲ್ಲಿ ಹಿಡಿದಿಲ್ಲ.

ಈಗ ಇದೇ ಲೆಕ್ಕವನ್ನು ಸ್ವಲ್ಪ ಅಲ್ಲಾಡಿಸಿ ನೋಡಿ. ಮರಿ ಕೊಳ್ಳುವಾಗ ಒಂದಕ್ಕೆ 500 ಜಾಸ್ತಿ ಕೊಟ್ಟರೆ 10,000 ಹೋಯಿತು, ಉಳಿಯುವುದು 29,000. ಒಂದರ ಬದಲು ಮೂರು ಸತ್ತರೆ 20,000 ಹೋಯಿತು, ಉಳಿಯುವುದು 19,000. ಎರಡೂ ಆದರೆ 9,000. ಅದೇ ಒಣಮೇವು ನಿಮ್ಮ ಹೊಲದ್ದೇ ಆದರೆ 10,000 ಮನೆಯಲ್ಲೇ ಉಳಿಯಿತು. ಮಾರುವ ಬೆಲೆ ನಿಮ್ಮ ಕೈಯಲ್ಲಿಲ್ಲ. ಕೊಳ್ಳುವ ಬೆಲೆ, ಸಾವು, ಮೇವು, ಈ ಮೂರು ಬಹುಮಟ್ಟಿಗೆ ನಿಮ್ಮ ಕೈಯಲ್ಲಿವೆ. ತಿಂಗಳಿಗೆ ಐವತ್ತು ಸಾವಿರ ಅಂತ ವೀಡಿಯೊದಲ್ಲಿ ಹೇಳುವವರು ಹೆಚ್ಚಾಗಿ ಒಂದೂ ಸಾಯದ ಲೆಕ್ಕ ಹೇಳುತ್ತಾರೆ.

ಎತ್ತರದ ಅಟ್ಟಣಿಗೆ ಶೆಡ್ ಕಟ್ಟಲೇಬೇಕಾ?

ಬೇಡ. ಹಲಗೆ ಸಂದಿಯಿಂದ ಹಿಕ್ಕೆ ಕೆಳಗೆ ಬೀಳುವ ಅಟ್ಟಣಿಗೆ ಒಳ್ಳೆಯದೇ. ಆದರೆ ಅದು ಮಳೆ ಜಾಸ್ತಿ, ನೆಲ ಸದಾ ಒದ್ದೆ ಇರುವ ಕಡೆಗೆ ಹೇಳಿ ಮಾಡಿಸಿದ್ದು. ಶಿರಾ, ಪಾವಗಡದಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಎತ್ತರದ ಮಣ್ಣಿನ ನೆಲ, ನೀರು ಹರಿದು ಹೋಗಲು ಇಳಿಜಾರು, ವಾರಕ್ಕೊಮ್ಮೆ ಸುಣ್ಣದ ಪುಡಿ. ಇಷ್ಟಿದ್ದರೆ ಸಾಕು.

ಎರಡು ಲಕ್ಷದ ಶೆಡ್ ಕಟ್ಟಿ ಅದು ಹತ್ತು ವರ್ಷ ಬಾಳಿದರೆ ವರ್ಷಕ್ಕೆ 20,000 ಸವಕಳಿ. ಆ ದುಡ್ಡು ನೂರಕ್ಕೆ 12ರ ಬಡ್ಡಿಯ ಸಾಲವಾದರೆ ಮೊದಲ ವರ್ಷದ ಬಡ್ಡಿಯೇ 24,000. ಒಟ್ಟು 44,000. ವರ್ಷಕ್ಕೆ ಎರಡು ಬ್ಯಾಚ್ ಮಾಡಿ 78,000 ಉಳಿಸಿದವರು ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಶೆಡ್ಡಿಗೇ ಕೊಟ್ಟ ಹಾಗಾಯಿತು. ಕುರಿ ಬರುವ ಮೊದಲೇ ಶೆಡ್ಡಿಗೆ ಬಣ್ಣ ಹೊಡೆಸಿ ಫ್ಲೆಕ್ಸ್ ಹಾಕಿಸಿದ ಎಷ್ಟೋ ಫಾರಂಗಳಲ್ಲಿ ಈಗ ಹುಣಸೆಹಣ್ಣು ಒಣಗುತ್ತಿದೆ.

ಮರಿ ಒಂದಕ್ಕೆ 6ರಿಂದ 8 ಚದರಡಿ ಜಾಗ ಸಾಕು. ಇಪ್ಪತ್ತಕ್ಕೆ 10 ಅಡಿ ಅಗಲ, 16 ಅಡಿ ಉದ್ದ. ಉದ್ದ ಪೂರ್ವ–ಪಶ್ಚಿಮಕ್ಕಿರಲಿ, ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗುವುದಿಲ್ಲ. ಹಳೆಯ ದನದ ಕೊಟ್ಟಿಗೆ ಇದ್ದರೆ ಅದನ್ನೇ ತಿದ್ದಿಕೊಳ್ಳಿ. ದುಡ್ಡು ಹಾಕಬೇಕಾದ್ದು ಗಟ್ಟಿ ಜಾಲರಿಗೆ ಮತ್ತು ಬಾಗಿಲಿಗೆ. ನಮ್ಮ ಕಡೆ ಚಿರತೆ, ತೋಳ, ಬೀದಿನಾಯಿ ಮೂರೂ ಇವೆ. ಬಕ್ರೀದ್ ಹತ್ತಿರ ಬಂದರೆ ಕಳ್ಳರೂ ಇರುತ್ತಾರೆ.

ಮರಿ ಕೊಳ್ಳುವಾಗ ಏನು ನೋಡಬೇಕು?

ಮೊದಲು ನಿಮ್ಮೂರು, ಅಕ್ಕಪಕ್ಕದ ಹಟ್ಟಿಗಳಲ್ಲಿ ಕೇಳಿ. ಸಿಗದಿದ್ದರೆ ಸಂತೆ. ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಕುರಿ ಸಂತೆ ಈ ಸೀಮೆಗೆಲ್ಲ ಗೊತ್ತಿರುವುದೇ. ಮೊದಲ ಸಲ ಹೋದಾಗ ದುಡ್ಡು ತೆಗೆದುಕೊಂಡು ಹೋಗಬೇಡಿ. ಬರೀ ನೋಡಿಕೊಂಡು, ಟವೆಲ್ ಕೆಳಗೆ ಬೆರಳು ಹಿಡಿಯುವ ವ್ಯಾಪಾರ ಎಲ್ಲಿಗೆ ನಿಲ್ಲುತ್ತದೆ ಅಂತ ಕೇಳಿಕೊಂಡು ಬನ್ನಿ.

ಮರಿಯ ಹೊಟ್ಟೆ ನೋಡಿ ಮೋಸ ಹೋಗಬೇಡಿ. ಮಾರುವ ದಿನ ಉಪ್ಪು ನೆಕ್ಕಿಸಿ ನೀರು ಕುಡಿಸಿ ಹೊಟ್ಟೆ ಉಬ್ಬಿಸಿರುತ್ತಾರೆ. ಸೊಂಟದ ಮೇಲೆ ಕೈಯಿಡಿ. ಬೆನ್ನುಮೂಳೆ ಚೂಪಾಗಿ ತಾಕುತ್ತಿದ್ದರೆ ಒಳಗೆ ಏನೂ ಇಲ್ಲ. ಕಣ್ಣಿನ ಕೆಳರೆಪ್ಪೆ ಮಗುಚಿ ನೋಡಿ. ಕೆಂಪಗಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ಜಂತು ರಕ್ತ ಹೀರುತ್ತಿದೆ. ಬಾಲದ ಕೆಳಗೆ ಅಂಟಿದ ಭೇದಿ, ಮೂಗಿನಲ್ಲಿ ಸಿಂಬಳ, ಕೆಮ್ಮು ಇದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಜೋಡಿ ಲೆಕ್ಕದಲ್ಲಿ ಮಾರುವಾಗ ಒಂದು ಚೆನ್ನಾಗಿರುವುದು, ಇನ್ನೊಂದು ಬಡಕಲು ಸೇರಿಸಿರುತ್ತಾರೆ. ಎರಡನ್ನೂ ಬೇರೆ ಬೇರೆ ಹಿಡಿದು ನೋಡಿ.

ತಂದ ಮೇಲೆ ಮೂರು ವಾರ ಮನೆಯ ಹಳೇ ಕುರಿಗಳ ಹತ್ತಿರ ಬಿಡಬೇಡಿ. ಸಾವುಗಳಲ್ಲಿ ಹೆಚ್ಚಿನವು ಈ ಮೂರು ವಾರದಲ್ಲೇ ಆಗುತ್ತವೆ. ಸಂತೆಯಲ್ಲಿ ಅಂಟಿದ ರೋಗ, ಗಾಡಿಯಲ್ಲಿ ನಿಂತ ಸುಸ್ತು, ಹೊಸ ನೀರು, ಎಲ್ಲ ಒಟ್ಟಿಗೆ ಬಂದಿರುತ್ತವೆ. ಮೊದಲ ದಿನ ಒಳ್ಳೆಯ ನೀರು, ಒಣಹುಲ್ಲು ಮಾತ್ರ. ಪಾಪ ಸೊರಗಿದೆ ಅಂತ ಬೋಗುಣಿ ತುಂಬ ಜೋಳ ಸುರಿಯಬೇಡಿ.

ಮೇವಿಗೆ ಏನು ಮಾಡುವುದು? ನೀರು ಅಷ್ಟಕ್ಕಷ್ಟೆ.

ಈ ಕಸುಬಿನಲ್ಲಿ ಒಂದು ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಕು ಅಂದರೆ ಇದಕ್ಕೇ. ನಮ್ಮ ಭಾಗದ ಒಣಮೇವು ಕುರಿಗೆ ಹೇಳಿ ಮಾಡಿಸಿದ ಹಾಗಿದೆ. ಕಡಲೆಕಾಯಿ ಬಳ್ಳಿ, ಹುರುಳಿ ಹೊಟ್ಟು, ತೊಗರಿ ಹೊಟ್ಟು, ಅವರೆ ಹೊಟ್ಟು. ಇವೆಲ್ಲ ದ್ವಿದಳದ ಮೇವು, ರಾಗಿ ಹುಲ್ಲಿಗಿಂತ ಪ್ರೋಟೀನ್ ಜಾಸ್ತಿ. ಕಡಲೆಕಾಯಿ ಕಿತ್ತ ಮೇಲೆ ಬಳ್ಳಿಯನ್ನು ಮಳೆಗೆ ಬಿಟ್ಟು ಕಪ್ಪಾಗಿಸುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಒಣಗಿಸಿ, ಮೇಲೆ ಟಾರ್ಪಾಲ್ ಹೊದಿಸಿ ಬಣವೆ ಹಾಕಿ. ಕಪ್ಪಾಗಿ ಬೂಸ್ಟು ಬಂದ ಬಳ್ಳಿ ಕೊಡಬೇಡಿ. ಬೂಸ್ಟಿನ ವಿಷ ಈಲಿಗೆ ಹೊಡೆಯುತ್ತದೆ.

ಸುಗ್ಗಿ ಸಮಯದಲ್ಲಿ ಹೊಟ್ಟು ಅಗ್ಗ, ಬೇಸಿಗೆಯಲ್ಲಿ ಚಿನ್ನ. ನಿಮ್ಮದು ಸಾಲದಿದ್ದರೆ ಪಕ್ಕದ ಹೊಲದ ಕಣದಲ್ಲೇ ಮಾತಾಡಿ ತುಂಬಿಸಿಕೊಳ್ಳಿ. 20 ಮರಿಗೆ ದಿನಕ್ಕೆ 400 ಗ್ರಾಂನಂತೆ 150 ದಿನಕ್ಕೆ 1,200 ಕೆ.ಜಿ. ಬೇಕು. ಅಷ್ಟು ಬಣವೆಯಲ್ಲಿ ಇಲ್ಲದೆ ಮರಿ ತರಲು ಹೊರಡಬೇಡಿ.

ಹಸಿ ಮೇವು ಮರಿಗೆ ದಿನಕ್ಕೆ ಒಂದೂವರೆ ಕೆ.ಜಿ. ಸಿಕ್ಕರೆ ಸಾಕು. ಹತ್ತು ಗುಂಟೆಗೆ ನೀರಿದ್ದರೆ ಅರ್ಧದಲ್ಲಿ ಬೇಲಿ ಮೆಂತೆ, ಅರ್ಧದಲ್ಲಿ ಸಿಒ-4 ನೇಪಿಯರ್ ಹುಲ್ಲು ಅಥವಾ ಮೇವಿನ ಜೋಳ ಹಾಕಿ. ಬದುವಿನ ಮೇಲೆ ಅಗಸೆ, ನುಗ್ಗೆ, ಸುಬಾಬುಲ್ ನೆಡಿ. ಸುಬಾಬುಲ್ ಒಟ್ಟು ಸೊಪ್ಪಿನಲ್ಲಿ ಮೂರನೇ ಒಂದು ಪಾಲು ಮೀರದಿರಲಿ. ರೇಷ್ಮೆ ಮಾಡುವವರಿಗೆ, ಅದರಲ್ಲೂ ಚಿಂತಾಮಣಿ, ಶಿಡ್ಲಘಟ್ಟ, ಕೋಲಾರದ ಕಡೆಯವರಿಗೆ, ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು, ಕಡ್ಡಿ ಇದ್ದೇ ಇರುತ್ತದೆ. ಕುರಿಗೆ ಅದು ಹಬ್ಬದೂಟ. ಹುಳು ಸಾಕುವ ಮನೆಯಲ್ಲಿ ಔಷಧಿ ಉದುರಿಸಿದ ಸೊಪ್ಪು ಮಾತ್ರ ಬೇಡ.

ಒಂದು ಎಚ್ಚರಿಕೆ. ಮೊಣಕಾಲೆತ್ತರದ ಎಳೆ ಜೋಳ, ಮಳೆ ಕೈಕೊಟ್ಟು ಬಾಡಿದ ಜೋಳದ ಪೈರು ವಿಷ. ಮೇದ ಕೆಲವೇ ನಿಮಿಷಗಳಲ್ಲಿ ಕುರಿ ಬೀಳುತ್ತದೆ. ಹೂ ಬಂದ ಮೇಲೆ ಕೊಯ್ದು ಕೊಡಿ.

ಕೈತಿಂಡಿ ಮನೆಯಲ್ಲೇ ಬೆರೆಸಿದರೆ ಅಗ್ಗ. ನೂರು ಕೆ.ಜಿ.ಗೆ ಮೆಕ್ಕೆಜೋಳದ ನುಚ್ಚು 50, ಕಡಲೆಕಾಯಿ ಹಿಂಡಿ 25, ಬೂಸಾ 22, ಖನಿಜ ಮಿಶ್ರಣ 2, ಉಪ್ಪು 1. ದಿನಕ್ಕೆ 50 ಗ್ರಾಂನಿಂದ ಶುರು ಮಾಡಿ ಎರಡು ವಾರದಲ್ಲಿ 200ಕ್ಕೆ ಏರಿಸಿ. ಖನಿಜ ಮಿಶ್ರಣ ಕುರಿಯದ್ದೇ ಇರಲಿ. ದನದ್ದರಲ್ಲಿ ತಾಮ್ರ ಜಾಸ್ತಿ, ಕುರಿಗೆ ಅದು ಆಗದು. ಬರೀ ಕಾಳು, ಬೂಸಾ ತಿಂದು ನೀರು ಕಡಿಮೆ ಕುಡಿದ ಟಗರುಗಳಿಗೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಉಚ್ಚೆ ಹೊಯ್ಯಲು ತಿಣುಕುತ್ತಿದ್ದರೆ ಕೂಡಲೇ ಡಾಕ್ಟರಿಗೆ ಹೇಳಿ.

ಯಾವ ಲಸಿಕೆ, ಯಾವಾಗ?

ಮೂರನ್ನು ಬಿಡಬೇಡಿ. ಪಿಪಿಆರ್ (ಕುರಿ, ಮೇಕೆಗೆ ಬರುವ ಪ್ಲೇಗಿನಂಥ ಅಂಟುರೋಗ), ಕರುಳು ಬೇನೆ, ಕುರಿ ಸಿಡುಬು. ಪಿಪಿಆರ್ ಲಸಿಕೆ ಮೂರು ತಿಂಗಳು ದಾಟಿದ ಮರಿಗೆ ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ಕಾಯುತ್ತದೆ. ಕರುಳು ಬೇನೆಯದ್ದು ಮಳೆಗೆ ಮೊದಲು, ಮೇ ತಿಂಗಳಲ್ಲೇ ಆಗಬೇಕು. ಮೊದಲ ಮಳೆ ಬಿದ್ದು ಹಸಿರು ಚಿಗುರಿದಾಗ ಕುರಿ ಆಸೆಬಿದ್ದು ಮೇಯುತ್ತದೆ. ಸಂಜೆ ಚೆನ್ನಾಗಿದ್ದದ್ದು ಬೆಳಿಗ್ಗೆ ಸತ್ತು ಬಿದ್ದಿರುತ್ತದೆ, ಅದೂ ಮಂದೆಯಲ್ಲಿ ಚೆನ್ನಾಗಿ ಬೆಳೆದದ್ದೇ. ಮಾಟ, ಕಣ್ಣುದೃಷ್ಟಿ ಅಂತ ತಾಯಿತ ಕಟ್ಟುವವರಿದ್ದಾರೆ, ಕಟ್ಟಲಿ. ಲಸಿಕೆಯನ್ನೂ ಹಾಕಿಸಲಿ.

ಮಳೆಗಾಲದಲ್ಲಿ ಸೊಳ್ಳೆ, ನುಸಿ ಜಾಸ್ತಿಯಾದಾಗ ನೀಲಿ ನಾಲಿಗೆ ರೋಗ ಬರುತ್ತದೆ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ. ಜಂತು ಔಷಧಿಯನ್ನು ತಂದ ವಾರದಲ್ಲಿ ಒಮ್ಮೆ, ಆಮೇಲೆ ಡಾಕ್ಟರು ಹೇಳಿದ ಹಾಗೆ ಕೊಡಿ. ಅಂಗಡಿಯವರ ಮಾತು ಕೇಳಿ ತಿಂಗಳಿಗೊಮ್ಮೆ ಅದೇ ಔಷಧಿ ಕುಡಿಸಿದರೆ ಜಂತು ಅದಕ್ಕೆ ಬಗ್ಗುವುದಿಲ್ಲ. ತುರ್ತಿಗೆ 1962ಕ್ಕೆ ಕರೆ ಮಾಡಿ, ಪಶು ಆಂಬುಲೆನ್ಸ್ ಸಂಖ್ಯೆ ಅದು.

ಬಕ್ರೀದ್‌ಗೆ ಮಾರಿದರೆ ಜಾಸ್ತಿ ಸಿಗುತ್ತದಾ?

ಸಿಗುತ್ತದೆ, ಆದರೆ ಎಲ್ಲ ಟಗರಿಗೂ ಅಲ್ಲ. ಕುರ್ಬಾನಿಗೆ ಕೊಳ್ಳುವವರು ಕುಂಟು, ಕುರುಡು, ಕೊಂಬು ಬುಡದಲ್ಲೇ ಮುರಿದದ್ದು, ಕಿವಿ ಹರಿದದ್ದು ಮುಟ್ಟುವುದಿಲ್ಲ. ವಯಸ್ಸೂ ನೋಡುತ್ತಾರೆ. ಎರಡು ಹಲ್ಲು ಬಂದಿದ್ದರೆ ಮಾತು ಬೇಗ ಮುಗಿಯುತ್ತದೆ. ಅಂದರೆ ಮೂರು ತಿಂಗಳ ಮರಿಯನ್ನು ಐದು ತಿಂಗಳು ಸಾಕಿ ಈ ಮಾರುಕಟ್ಟೆಗೆ ಹೋಗಲಾಗದು, ಇನ್ನೂ ಆರೇಳು ತಿಂಗಳು ಇಟ್ಟುಕೊಳ್ಳಬೇಕು. ಬಕ್ರೀದ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆಯೇ ಬರುತ್ತದೆ ಅನ್ನುವುದನ್ನೂ ಮರೆಯಬೇಡಿ.

ಬಕ್ರೀದ್ ಒಂದನ್ನೇ ನಂಬಬೇಡಿ. ಯುಗಾದಿ ಮಾರನೆಯ ದಿನದ ಹೊಸತೊಡಕಿಗೆ ನಮ್ಮ ಕಡೆ ಮಾಂಸ ಇಲ್ಲದ ಮನೆ ಕಡಿಮೆ. ಅದಕ್ಕೆ ವಾರ ಹತ್ತು ದಿನ ಮುಂಚೆ ಕೊಳ್ಳುವವರೇ ಮನೆ ಬಾಗಿಲಿಗೆ ಬರುತ್ತಾರೆ. ಮಾರಮ್ಮನ ಹಬ್ಬ, ಊರ ಜಾತ್ರೆ, ಮಹಾಲಯ ಅಮಾವಾಸ್ಯೆ ಕೂಡ ಇವೆ. ಶ್ರಾವಣದಲ್ಲಿ ಮಾತ್ರ ಮಾರಾಟಕ್ಕೆ ನಿಲ್ಲಿಸಬೇಡಿ. ಆಗ ಕೊಳ್ಳಿ, ಬೆಲೆ ಇಳಿದಿರುತ್ತದೆ.

ತೂಕಕ್ಕೆ ಮಾರುವುದಾ, ಕಣ್ಣಂದಾಜಿಗಾ?

ಯಾರು ಹೇಗೆ ಕೇಳಿದರೂ ಮಾರಿ, ಆದರೆ ತೂಕ ನಿಮಗೆ ಗೊತ್ತಿರಲಿ. ನೇತು ಹಾಕುವ ಡಿಜಿಟಲ್ ತಕ್ಕಡಿ ಒಂದು ಕೊಳ್ಳಿ. ವ್ಯಾಪಾರಿಯ ಕಣ್ಣೇ ಅವನ ತಕ್ಕಡಿ, ನೂರಾರು ಕುರಿ ನೋಡಿ ಪಳಗಿರುತ್ತದೆ. ನಮ್ಮದು ಹಾಗಲ್ಲವಲ್ಲ. ಜೀವಂತ ತೂಕದಲ್ಲಿ ಸುಮಾರು ಅರ್ಧ ಮಾಂಸ ಬೀಳುತ್ತದೆ, ಕೆಲವೊಮ್ಮೆ ಅದಕ್ಕೂ ಸ್ವಲ್ಪ ಕಡಿಮೆ. ಊರಿನ ಮಟನ್ ಬೆಲೆ ಗೊತ್ತಿದ್ದರೆ ಅಂಗಡಿಯವನಿಗೆ ಎಷ್ಟು ಉಳಿಯುತ್ತದೆ ಅಂತ ನೀವೇ ಲೆಕ್ಕ ಹಾಕಬಹುದು. ಹದಿನೈದು ದಿನಕ್ಕೊಮ್ಮೆ ತೂಗುತ್ತಿದ್ದರೆ ಇನ್ನೊಂದು ಲಾಭವೂ ಇದೆ. ತಿಂದರೂ ಬೆಳೆಯದ ಮರಿ ಯಾವುದು ಅಂತ ತಿಳಿಯುತ್ತದೆ. ಅದನ್ನು ಮೊದಲು ಕಳಿಸಿ.

ಗೊಬ್ಬರ, ಉಣ್ಣೆಯಿಂದ ಏನಾದರೂ ಬರುತ್ತದಾ?

ಉಣ್ಣೆಯ ಆಸೆ ಬಿಡಿ, ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲ. ಗೊಬ್ಬರ ಮಾತ್ರ ನಿಜವಾದ ಆದಾಯ. ತೆಂಗು, ಅಡಿಕೆ ತೋಟದವರು ದುಡ್ಡು ಕೊಟ್ಟು ಮಂದೆ ನಿಲ್ಲಿಸಿಕೊಳ್ಳುವುದು ತಿಪಟೂರು ಕಡೆ ಈಗಲೂ ಇದೆ. ನಿಮ್ಮದೇ ಹೊಲಕ್ಕೆ ಹಾಕಿದರೆ ಆ ವರ್ಷದ ರಾಗಿಯಲ್ಲೇ ಕಾಣುತ್ತದೆ.

ಸರ್ಕಾರದಿಂದ ಏನು ಸಿಗುತ್ತದೆ?

ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆ 20 ಕುರಿ, ಒಂದು ಟಗರಿನ ಘಟಕಕ್ಕೆ ಬಂದದ್ದು. ಘಟಕದ ವೆಚ್ಚ 1.75 ಲಕ್ಷ. ಅರ್ಧ ಸಾಲ, ಕಾಲು ಭಾಗ ಸಹಾಯಧನ, ಕಾಲು ಭಾಗ ನಿಮ್ಮದು. ಕುರಿ ಸಾಕುವವರ ಸಹಕಾರ ಸಂಘದ ಸದಸ್ಯರಿಗೆ ಇಂಥವು ಸಿಗುತ್ತವೆ, ಆದ್ದರಿಂದ ಮೊದಲು ಸದಸ್ಯರಾಗಿ. ರಾಷ್ಟ್ರೀಯ ಜಾನುವಾರು ಮಿಷನ್ನಿನ ನೂರಕ್ಕೆ 50ರ ಸಹಾಯಧನ ಶುರುವಾಗುವುದೇ 100 ಕುರಿ, 5 ಟಗರಿನಿಂದ. ಸಬ್ಸಿಡಿ ಆಸೆಗೆ ಅಷ್ಟು ದೊಡ್ಡದಕ್ಕೆ ಕೈ ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ಮರಿ, ಮೇವಿನ ಖರ್ಚಿಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಕೇಳಿ. 2018-19ರ ಕೇಂದ್ರ ಬಜೆಟ್‌ನಲ್ಲಿ ಅದನ್ನು ಪಶುಪಾಲಕರಿಗೂ ವಿಸ್ತರಿಸಿದ್ದಾರೆ. ಬ್ಯಾಂಕಿನಲ್ಲಿ ಇಲ್ಲ ಅಂದರೆ ಇನ್ನೊಮ್ಮೆ ಕೇಳಿ.

ಸತ್ತರೆ ಅನುಗ್ರಹ ಯೋಜನೆಯಲ್ಲಿ ಪರಿಹಾರ ಇದೆ. ಆರು ತಿಂಗಳು ದಾಟಿದ ಕುರಿ, ಮೇಕೆಗೆ 5,000 ಇದ್ದದ್ದನ್ನು 2025-26ರ ರಾಜ್ಯ ಬಜೆಟ್‌ನಲ್ಲಿ 7,500ಕ್ಕೆ ಏರಿಸಲಾಗಿದೆ. ಮೂರರಿಂದ ಆರು ತಿಂಗಳ ಮರಿಗೆ 5,000. ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಬೇಕು, ಹಾಗಾಗಿ ಹೂಳುವ ಮೊದಲು ಫೋನ್ ಮಾಡಿ.

ಮರಿ ಕೊಟ್ಟು ತಾವೇ ವಾಪಸ್ ಕೊಳ್ಳುತ್ತೇವೆ ಅನ್ನುವ ಕಂಪನಿಗಳನ್ನು ನಂಬಬಹುದಾ?

ಸಂತೆಯಲ್ಲಿ ಆರು ಸಾವಿರಕ್ಕೆ ಸಿಗುವ ಮರಿಗೆ ಹನ್ನೆರಡು ಸಾವಿರ ಕೇಳಿದರೆ ಅವರ ಲಾಭ ಅಲ್ಲೇ ಮುಗಿಯಿತು. ಆಮೇಲೆ ಬರಬೇಕಾದ ಅವಸರ ಅವರಿಗೇನಿದೆ?

ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಆಳು ಇಟ್ಟು ಊರಲ್ಲಿ ಮಾಡಿಸಬಹುದಾ?

ಮೇಲಿನ ಲೆಕ್ಕದಲ್ಲಿ ತಿಂಗಳಿಗೆ ಉಳಿದದ್ದು 7,800. ಆಳಿನ ಸಂಬಳ ಅದಕ್ಕಿಂತ ಜಾಸ್ತಿ. ಸಂಬಳ ಹುಟ್ಟಬೇಕಾದರೆ ಐವತ್ತು ಅರವತ್ತು ಮರಿ ಬೇಕು, ಅಷ್ಟಕ್ಕೆ ಮೂರು ಪಾಲು ಮೇವು ಬೇಕು, ಸಾವೂ ಆ ಲೆಕ್ಕದಲ್ಲೇ ಏರುತ್ತದೆ. ಬೆಳಿಗ್ಗೆ ಒಂದು ಮರಿ ಮೇವು ಬಿಟ್ಟು ಮೂಲೆಯಲ್ಲಿ ನಿಂತಿದೆ ಅನ್ನುವುದನ್ನು ಆಳು ಫೋನ್ ಮಾಡಿ ಹೇಳುವಷ್ಟರಲ್ಲಿ ಸಂಜೆಯಾಗಿರುತ್ತದೆ. ಅಪ್ಪ ಅಮ್ಮ ಊರಲ್ಲಿದ್ದಾರೆ, ಅವರು ನೋಡಿಕೊಳ್ಳುತ್ತಾರೆ ಅನ್ನುವುದಾದರೆ ಐದಾರು ಮರಿ ತಂದುಕೊಡಿ, ಇಪ್ಪತ್ತು ಬೇಡ. ತರುವ ಮೊದಲು ಅವರನ್ನು ಒಂದು ಮಾತು ಕೇಳಿ.